ಗ್ರಹಣದ ಬದನೆಕಾಯಿ

ಮೆಹರುಬಿ ಸಂದೇಶನ ಕೈ ಹಿಡಿದು ಅವನ ತಾಯಿಯ ಕೆನ್ನೆಯ ಮೇಲಿಟ್ಟಳು. ರುಕ್ಮವ್ವನನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ ಆಗಿತ್ತು. ಹುಟ್ಟುಕುರುಡ ಮಗನಿಗೂ ತಾಯಿಯ ಮುಖ ತೋರಿಸಬೇಕೆಂದು ಬಂಧುಗಳಿಗೆ ಹೊಳೆದಿರಲಿಲ್ಲ. ಹೊಳೆದದ್ದು ಪಕ್ಕದ ಮನೆಯ ಮೆಹರುಬಿಗೆ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವೆಂದು ನಸುಕಿನಲ್ಲೇ ಚಹಾ ಕಾಸಿ ತಂದವಳೂ ಅವಳೇ.

"ಹಾರ ಸರಸಲೇನಪಾ?"

"ಬ್ಯಾಡ ಚಾಚಿ. ಸಿಕ್ಕಳು ಅವ್ವ."

ಅಂಗಳದಲ್ಲಿ ಗಂಡಸರ ಮಾತು ಆಗಲೇ ಮದುವೆಗೆ ತಿರುಗಿತ್ತು. ತಾಯಿ ಸತ್ತ ಮನೆ. ಕಿರಿಯ ಮಗ ಸಂಜಯನ ಮದುವೆ ವರ್ಷದೊಳಗೆ ಆಗಬೇಕು, ಇಲ್ಲವೆಂದರೆ ಮೂರು ವರ್ಷ ಕಾಯಬೇಕು. ರಾಯಬಾಗದ ಬಂಧುಗಳೆಲ್ಲ ಬಂದಿರುವಾಗಲೇ ಮಾತು ಮುಗಿಸೋಣ ಎಂದ ರುಕ್ಮವ್ವನ ಗಂಡ ಬಾಬಾಸಾಹೇಬ. ಹುಡುಗಿ ಬೇರೆ ಯಾರೂ ಅಲ್ಲ, ಹಿರಿಮಗಳು ಸಾವಿತ್ರೆವ್ವನ ಮಗಳು ತೃಪ್ತಿ. ಸಂಜಯ ಅವಳಿಗೆ ಸ್ವಂತ ಸೋದರಮಾವ.

"ಎರಡು ವರ್ಷ ಈಕಿನ ಅಡ್ಡ ನಿಂತಿದ್ಲು," ಎಂದ, ಒಳಗೆ ಕೂತ ಹೆಂಡತಿಯತ್ತ ನೋಡದೆ. "ಈಗ ಬ್ಯಾಡನ್ನಾವ್ರು ಯಾರದಾರ?"

"ಮನ್ಯಾಗ ಹುಟ್ಟಿದ ಕರ ಹಾಯೂದಿಲ್ಲ ಬಿಡ್ರಿ," ಎಂದ ರಾಯಬಾಗದ ಒಬ್ಬ ಮುದುಕ. ಸಾವಿನ ಮನೆಯೆಂಬುದನ್ನು ಮರೆತು ಇಬ್ಬರು ನಕ್ಕರು. ಬಾಗಿಲಲ್ಲಿ ನಿಂತಿದ್ದ ತೃಪ್ತಿ ಚಹಾದ ಬಟ್ಟಲುಗಳನ್ನು ಕೊಡದೆ ಒಳಗೆ ಹೋದಳು.

*

ರುಕ್ಮವ್ವನೂ ಮದುವೆಯಾದದ್ದು ತಾಯಿಯ ತಮ್ಮನನ್ನೇ. ಹಾಗಾಗಿ ಅತ್ತೆಯೆಂದರೆ ಸ್ವಂತ ಅಜ್ಜಿ. ಕೂಸು ಸಂದೇಶ ದೀಪದ ಕಡೆ ಕಣ್ಣು ಹೊರಳಿಸುವುದಿಲ್ಲವೆಂದು ತಿಳಿದ ದಿನ, ಆ ಅಜ್ಜಿಯೇ ಕಾರಣ ಹೇಳಿದಳು: ನೀನು ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಬದನೆಕಾಯಿ ಹೆಚ್ಚಿದ್ದೆ. ಹೆಚ್ಚಿದ್ದು ರುಕ್ಮವ್ವನಿಗೆ ನೆನಪಿರಲಿಲ್ಲ. ಎಲ್ಲರೂ ಹೇಳಿ ಹೇಳಿ ನೆನಪಾಯಿತು.

ಆಮೇಲೆ ಅವಳು ಬದನೆಕಾಯಿ ಮುಟ್ಟಲಿಲ್ಲ. ಓಣಿಯಲ್ಲಿ ಯಾರು ಬಸುರಿಯಾದರೂ ಗ್ರಹಣದ ದಿನ ಹೋಗಿ, ಈಳಿಗೆಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಗ್ರಹಣ ಬಿಡುವತನಕ ಮಾತಾಡುತ್ತ ಕೂರುತ್ತಿದ್ದಳು. ಮೆಹರುಬಿಯ ಮನೆಯಲ್ಲೂ ಕೂತಿದ್ದಳು.

ಸಂದೇಶನಿಗೆ ಮೀಸೆ ಬಂದ ಮೇಲೆ ನಿಪ್ಪಾಣಿಯಲ್ಲಿ ಕಣ್ಣಿನ ಶಿಬಿರ ನಡೆಯಿತು. ಅಲ್ಲಿಯ ಡಾಕ್ಟರಮ್ಮ ಅವನ ಕಣ್ಣು ನೋಡಿ, ಗಂಡ ಮದುವೆಗೆ ಮುಂಚೆ ಸಂಬಂಧದಲ್ಲಿ ಏನಾಗಬೇಕಿತ್ತು ಎಂದು ರುಕ್ಮವ್ವನನ್ನು ಕೇಳಿದರು. ಇದು ಕಣ್ಣಿನ ಒಳಪದರದ ದೋಷ, ಹತ್ತಿರದ ರಕ್ತದಲ್ಲಿ ಮದುವೆಯಾದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ರುಕ್ಮವ್ವ ಬಸ್ಸಿನಲ್ಲಿ ತಮ್ಮೂರು ಬೇಡಕಿಹಾಳದವರೆಗೂ ಅತ್ತಳು. ಪಕ್ಕದಲ್ಲಿ ಕೂತ ಅಪರಿಚಿತ ಹೆಂಗಸು ಏನನ್ನೂ ಕೇಳದೆ ಕಿಟಕಿಯ ಜಾಗ ಬಿಟ್ಟುಕೊಟ್ಟಳು.

ಮನೆಯಲ್ಲಿ ಹೇಳಿದಾಗ ಬಾಬಾಸಾಹೇಬ, "ಹಂಗಾದ್ರ ತಪ್ಪು ನಂದ?" ಎಂದು ಊಟದ ತಾಟು ಸರಿಸಿ ಎದ್ದ. ಸಂಜಯನಿಗೆ ತೃಪ್ತಿಯನ್ನು ತರುವ ಮಾತು ಬರುವತನಕ ರುಕ್ಮವ್ವ ಆ ಬಗ್ಗೆ ಮತ್ತೆ ಬಾಯಿ ತೆರೆಯಲಿಲ್ಲ.

*

ಕಬ್ಬಿನ ಹೊಲದ ಬದಿಗೆ ಕುಣಿ ತೋಡಿದ್ದರು. ರುಕ್ಮವ್ವನನ್ನು ಇಳಿಸಿದ ಮೇಲೆ ಸಂದೇಶ ತಂದೆಯ ದನಿ ಬಂದತ್ತ ತಿರುಗಿದ.

"ಅಪ್ಪಾ, ನನ್ನಂಥದ ಇನ್ನೊಂದು ಹುಟ್ಟೀತು. ಡಾಕ್ಟರ ಹೇಳಿದ್ದು ಮರಿಬ್ಯಾಡ."

"ಆ ಡಾಕ್ಟರ ನಮ್ಮ ಅಡಗಿಮನ್ಯಾಗ ಇದ್ಲೇನು? ಬದನಿಕಾಯಿ ಹೆಚ್ಚಿದಾಕಿ ನಿಮ್ಮವ್ವ. ಆಕಿ ತಪ್ಪು ಆಕಿನ ಕೂಡನ ಹೋತು."

ಗಂಡಹೆಂಡಿರು ಜೋಡಿಯಾಗಿ ಮಣ್ಣು ಕೊಡುವುದು ಅವರ ಮನೆತನದ ರೂಢಿ. ಸಂಜಯನ ಸರದಿ ಬಂದಾಗ ಬಾಬಾಸಾಹೇಬ ತೃಪ್ತಿಯನ್ನು ಕರೆದು ಅವನ ಪಕ್ಕಕ್ಕೆ ನಿಲ್ಲೆಂದ. ಸಂಜಯ ನೆಲ ನೋಡುತ್ತಿದ್ದ. ಸಾವಿತ್ರೆವ್ವ ಸೆರಗನ್ನು ಕಣ್ಣಿನವರೆಗೆ ಎಳೆದುಕೊಂಡಳು.

"ಅಜ್ಜಿ ಬ್ಯಾಡಂದಿದ್ಲು," ಎಂದಳು ತೃಪ್ತಿ ಮೆಲ್ಲಗೆ.

"ಅಜ್ಜೀಗೇ ಮಣ್ಣು ಕೊಡಾಕತ್ತೇವಿ. ಬಾ."

ಅವಳ ದನಿ ಕೇಳಿದ ಕಡೆಗೆ ಸಂದೇಶ ಎರಡೂ ಕೈ ಚಾಚಿ, ಅವಳ ಕೈ ಹಿಡಿದು ಹಿಂದಕ್ಕೆಳೆಯಲು ಹೆಜ್ಜೆಯಿಟ್ಟ. ಆದರೆ ರಾಯಬಾಗದ ಮುದುಕ ಗಾಬರಿಯಾಗಿ ಅವನ ಭುಜ ಹಿಡಿದ.

"ತಮ್ಮಾ, ಮುಂದ ಕುಣಿ ಐತಿ. ಕಾಲು ಜಾರೀತು."

ಮುದುಕ ಅವನನ್ನು ಮೆಲ್ಲಗೆ ತಿರುಗಿಸಿ, ದಾರಿಯ ಹೆಂಟೆಗಳನ್ನು ಕಾಲಿನಿಂದ ಸರಿಸುತ್ತ, ಬದುವಿನವರೆಗೆ ನಡೆಸಿಕೊಂಡು ಹೋಗಿ ಕೂರಿಸಿದ. ತನ್ನ ಟವೆಲ್ಲಿನಿಂದ ಅವನ ಮುಖ ಒರೆಸಿದ. ಹಿಂದೆ ಮಣ್ಣು ಬೀಳುವ ಸದ್ದು ಕೇಳುತ್ತಿತ್ತು. ಸಂದೇಶನ ಕೈಗಳು ಇನ್ನೂ ಚಾಚಿಕೊಂಡೇ ಇದ್ದವು, ಯಾರೂ ಇಲ್ಲದ ಕಬ್ಬಿನ ಕಡೆಗೆ.