ಹನ್ನೊಂದನೆಯ ತಿರುವು

ಬಸ್ಸು ಹನ್ನೊಂದನೆಯ ತಿರುವನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ದಾಟಿತು. ರಿಪೇರಿ ಅಕ್ಕ ಕೀಲಿಮಣೆಯಿಂದ ಕೈ ತೆಗೆದು, ಗೆದ್ದವಳ ಹಾಗೆ ಮೇಜಿನಾಚೆ ನೋಡಿದಳು. ಅಲ್ಲಿ ಸ್ಟೂಲಿನ ಮೇಲೆ ಕೂತಿದ್ದ ನಿವೃತ್ತ ಡ್ರೈವರ ಮುಖದಲ್ಲಿ ಮಾತ್ರ ಗೆದ್ದ ಕಳೆ ಇರಲಿಲ್ಲ. ಎರಡು ಗಂಟೆಯಿಂದ ಕಂಪ್ಯೂಟರಿನ ಪರದೆಯ ಮೇಲೆ ಆ ಬಸ್ಸು ಅದೇ ಬೆಟ್ಟವನ್ನು ಹತ್ತಿ ಇಳಿದು ಹತ್ತಿ, ಬೆಟ್ಟವೇ ಸವೆಯಿತೇನೋ ಅನ್ನಿಸುವಂತಿತ್ತು. ಒಮ್ಮೆಯೂ ನಿಂತಿರಲಿಲ್ಲ.

"ನೋಡಿದ್ರಾ ಯಜಮಾನ್ರೆ, ಏನೂ ಆಗಿಲ್ಲ ಇದಕ್ಕೆ."

"ನೀನು ಓಡಿಸಿದ್ರೆ ಯಾಕಮ್ಮ ಆಗುತ್ತೆ?" ಎಂದರು ಡ್ರೈವರು. "ಯಾರ ಕೈ ಅಂತ ಮಷೀನಿಗೂ ಗೊತ್ತಾಗುತ್ತೆ."

ರಿಪೇರಿ ಅಕ್ಕ ಎಂದರೆ ಸಾಮಾನ್ಯದವಳಲ್ಲ. ಅವಳು ಕಿವಿಯಿಟ್ಟರೆ ಸತ್ತ ಫ್ಯಾನು ಕೂಡ ಎದ್ದು ತಪ್ಪೊಪ್ಪಿಕೊಳ್ಳುತ್ತಿತ್ತು. ಅವಳ ನೆರಳು ಬಿದ್ದರೆ ಸಾಕು, ಪಕ್ಕದ ಅಂಗಡಿಯ ಗಡಿಯಾರ ತಾನಾಗಿಯೇ ಸರಿಯಾದ ಹೊತ್ತು ತೋರಿಸುತ್ತದೆ ಎಂದು ಇಡೀ ಬೀದಿ ಹೇಳುತ್ತಿತ್ತು. ಗಡಿಯಾರದವನು ಮಾತ್ರ ಒಪ್ಪುತ್ತಿರಲಿಲ್ಲ, ಅವನಿಗೆ ಹೊಟ್ಟೆಕಿಚ್ಚು. ಬಾಗಿಲ ಮೇಲೆ ಅವಳೇ ಒಂದು ಬೋರ್ಡು ಹಾಕಿಸಿದ್ದಳು: 'ಇಲ್ಲಿಂದ ಹೋದ ಮಷೀನು ಮತ್ತೆ ಬರುವುದಿಲ್ಲ.' ಅಂಥ ಬೋರ್ಡಿನ ಕೆಳಗೇ ಹಾದು ಈ ಕಂಪ್ಯೂಟರು ಮೂರು ಸಲ ಬಂದಿತ್ತು. ಮೊದಲ ಸಲ ಮೆಮೊರಿ ಪಟ್ಟಿಗಳನ್ನು ಬದಲಿಸಿದಳು. ಎರಡನೆಯ ಸಲ ಕರೆಂಟು ಹಂಚುವ ಡಬ್ಬಿಯನ್ನೇ ಕಿತ್ತು ಹೊಸದು ಹಾಕಿದಳು. ಈ ಸಲ ಪ್ರಾಸೆಸರಿನ ಮೇಲೆ ಒಣಗಿದ್ದ ಪೇಸ್ಟು ಕೆರೆದು ಹೊಸದು ಬಳಿದು, ಇನ್ನೊಂದು ಕಂಪ್ಯೂಟರನ್ನೇ ಮಾಡಬಹುದಾದಷ್ಟು ಧೂಳು ತೆಗೆದಳು. ಅಂಗಡಿಯಲ್ಲಿ ಅದು ಸಾಧುಪ್ರಾಣಿ. ಮನೆಗೆ ಹೋದರೆ ಬಸ್ಸು ಹನ್ನೊಂದನೆಯ ತಿರುವಿಗೆ ಬರುವಷ್ಟರಲ್ಲಿ ಪರದೆ ಕಪ್ಪು.

ಡ್ರೈವರು ಮೂವತ್ತೆಂಟು ವರ್ಷ ನಿಜವಾದ ಬಸ್ಸು ಓಡಿಸಿದವರು. ಚಂದ್ರಲೋಕಕ್ಕೆ ಮೂರು ಸಲ ಹೋಗಿ ಬರುವಷ್ಟು ದೂರ. ಅನುಮಾನವಿದ್ದವರು ಲೆಕ್ಕ ಹಾಕಿಕೊಳ್ಳಲಿ. ಅಷ್ಟು ದೂರದಲ್ಲಿ ಒಂದು ಕೋಳಿಯ ಪುಕ್ಕವನ್ನೂ ಅವರು ಕೊಂಕಿಸಿರಲಿಲ್ಲ. ಆಮೇಲೆ ಲಕ್ವ ಹೊಡೆದು ಬಲಗೈ ನಡುಗತೊಡಗಿತು. ಮೂರು ತಿಂಗಳು ಬಿಡದೆ ದುಡಿಸಿದರೆ ಕೈ ಮರಳೀತು, ಬಿಟ್ಟರೆ ಬಿಟ್ಟ ಹಾಗೇ ಎಂದು ಡಾಕ್ಟರು ಹೇಳಿದ್ದರು. ಹಿಸುಕಲು ಕೊಟ್ಟ ರಬ್ಬರ್ ಚೆಂಡನ್ನು ಅವರು ಎರಡೇ ದಿನಕ್ಕೆ ಕಿಟಕಿಯಿಂದ ಎಸೆದಿದ್ದರು. ಆಗ ಮಗಳು ಈ ಬಸ್ಸಿನ ಆಟವನ್ನೂ ಅದಕ್ಕೊಂದು ಸ್ಟೇರಿಂಗನ್ನೂ ತಂದಿಟ್ಟಳು. ಈಗ ಆಟವೂ ಕೈಕೊಡುತ್ತಿತ್ತು. ತನ್ನ ಕೈ ತಪ್ಪು ತಿರುಗಿಸುವುದರಿಂದಲೇ ಅದು ನಿಲ್ಲುತ್ತಿದೆ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು. ಇನ್ನೊಂದು ಸಲ ನಿಂತರೆ ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡುವುದಾಗಿ, ಕೈಯ ಆಸೆಯನ್ನೂ ಅದರ ಜೊತೆಗೇ ಬಿಡುವುದಾಗಿ ಹೇಳಿ ಎದ್ದರು.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ರಿಪೇರಿ ಅಕ್ಕ ಅವರ ಮನೆಗೇ ಹೋದಳು. ಬರುವುದಾಗಿ ಮೊದಲೇ ತಿಳಿಸಿದ್ದರಿಂದ ಡ್ರೈವರ ಹೆಂಡತಿ ನೆಲವನ್ನು ಮುಖ ಕಾಣುವಷ್ಟು ಒರೆಸಿದ್ದರು. ಕಂಪ್ಯೂಟರು ಮೇಜಿನ ನಟ್ಟನಡುವೆ, ನೋಡಲು ಬಂದವರ ಎದುರು ಕೂರಿಸಿದ ಹುಡುಗಿಯ ಹಾಗೆ ಮಿರಮಿರ ಹೊಳೆಯುತ್ತಿತ್ತು. ಅಕ್ಕ ಮುಚ್ಚಳ ಬಿಚ್ಚಿಟ್ಟು ಒಂದು ಗಂಟೆ ಓಡಿಸಿದಳು. ನಿಲ್ಲಲಿಲ್ಲ. ನೀವೇ ಓಡಿಸಿ ಎಂದಾಗ ಡ್ರೈವರು ಬಲಗೈಯನ್ನು ಜೇಬಿಗೆ ಸೇರಿಸಿ, ವಾಕಿಂಗಿನ ಹೊತ್ತಾಯಿತೆಂದು ಹೊರಟೇಹೋದರು. ಪರರ ಎದುರು ಅವರು ಸ್ಟೇರಿಂಗು ಮುಟ್ಟುತ್ತಿರಲಿಲ್ಲ.

ಅಕ್ಕ ಮುಚ್ಚಳ ಹಾಕಿ ತಾನೂ ಹೊರಟಳು. ಬೀದಿಯ ತುದಿಗೆ ಬಂದಾಗ ಚೀಲದಲ್ಲಿ ಸ್ಕ್ರೂಡ್ರೈವರ್ ಇಲ್ಲದ್ದು ತಿಳಿಯಿತು. ಹುಟ್ಟಿದಾರಭ್ಯ ಏನನ್ನೂ ಮರೆಯದವಳು ಅಂದು ಮರೆತಿದ್ದಳು. ತಿರುಗಿ ಬಂದು ನೋಡಿದರೆ ಬಾಗಿಲು ಓರೆಯಾಗಿತ್ತು. ಒಳಗೆ ಡ್ರೈವರ ಹೆಂಡತಿ ಮಂಡಿಯೂರಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೇಜಿನ ಕೆಳಗಿನ ಕಪಾಟಿನೊಳಗೆ ತಳ್ಳುತ್ತಿದ್ದರು. ತಳ್ಳಿ, ಅದರ ಮೇಲೆ ಉಣ್ಣೆಯ ಕಂಬಳಿಯನ್ನು ಎರಡು ಮಡಿಕೆ ಮಾಡಿ ಹೊದಿಸಿ, ಮಗುವಿಗೆ ಹೊದಿಸಿದ ಹಾಗೆ ಅಂಚು ಸಿಗಿಸಿ, ಕದ ಮುಚ್ಚಿದರು.

"ಏನಮ್ಮ ಇದು?"

"ಅದರ ಜಾಗದಲ್ಲಿ ಇಡ್ತಿದ್ದೀನಿ ಕಣಮ್ಮ. ನೀನು ಬರ್ತೀಯಂತ ಹೊರಗೆ ತೆಗೆದಿದ್ದೆ."

ಕಂಬಳಿ ಯಾಕೆಂದು ಕೇಳಿದ್ದಕ್ಕೆ ಅವರು ಸಂಕೋಚದಿಂದಲೇ ಹೇಳಿದರು. ಕಾಯಿಲೆಯಾದ ಮೇಲೆ ಯಜಮಾನರು ಸಣ್ಣ ಸದ್ದಿಗೂ ಬೆಚ್ಚಿಬೀಳುತ್ತಾರೆ. ಆಟ ಶುರುವಾದರೆ ಇದರ ಫ್ಯಾನು ಬೊಬ್ಬೆಯಿಡುತ್ತದೆ. ಹೊದಿಸಿದ ಮೇಲೆ ತಣ್ಣಗೆ ಕೂತಿರುತ್ತದೆ.

ರಿಪೇರಿ ಅಕ್ಕ ಚೀಲ ಕೆಳಗಿಟ್ಟಳು. ಪೆಟ್ಟಿಗೆ ಇದ್ದಲ್ಲೇ ಇರಲೆಂದು ತಂತಿಗಳನ್ನು ಮಾತ್ರ ಸಿಗಿಸಿ ಆಟ ಹಚ್ಚಿ ಬೆಟ್ಟ ಹತ್ತಿದಳು. ಹತ್ತೊಂಬತ್ತು ನಿಮಿಷ. ಹನ್ನೊಂದನೆಯ ತಿರುವು. ಪರದೆ ಕಪ್ಪಾಯಿತು. ಕದ ತೆರೆದು ಕಂಬಳಿ ಎತ್ತಿದರೆ, ಒಲೆಯ ಬಾಯಿ ತೆರೆದಂತೆ ಕಾವು ಮುಖಕ್ಕೆ ಹೊಡೆಯಿತು.

"ಬೆಟ್ಟ ಹತ್ತೋವಾಗ ಇದಕ್ಕೂ ಏದುಸಿರು ಬರುತ್ತಮ್ಮ. ನೀವು ಮೂಗು ಮುಚ್ಚಿಬಿಟ್ಟಿದ್ದೀರಿ."

ಹೆಂಗಸು ಕಂಬಳಿಯನ್ನು ಮಡಿಲಿಗೆ ಎಳೆದುಕೊಂಡು ನೆಲದ ಮೇಲೇ ಕೂತರು. ಅದರ ಅಂಚು ನೀವುತ್ತ ಹೇಳಿದರು: "ನಲವತ್ತು ದಿನದಿಂದ ಆ ಕೈಯನ್ನ ಬೈತಾ ಇದ್ದಾರೆ. ಒಂದಿನ ಗೋಡೆಗೆ ಬಡಿದುಕೊಂಡ್ರು. ನಾನು ಪಕ್ಕದಲ್ಲೇ ಕೂತು ಸಮಾಧಾನ ಹೇಳ್ತಿದ್ದೆ."

ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು, ಒಂದು ಊರಿದ್ದು, ಒಂದು ಎಳೆದದ್ದು. ಹೆಂಗಸು ತಲೆಯೆತ್ತಿ ಅಕ್ಕನನ್ನು ನೋಡಿದರು. ಅಕ್ಕ ಪೆಟ್ಟಿಗೆಯನ್ನು ಹೊರಗೆಳೆದು, ಕಪಾಟಿನ ಕದ ಮುಚ್ಚಿ, ಸ್ಕ್ರೂ ಬಿಚ್ಚತೊಡಗಿದಳು.

"ಮತ್ತೆ ನಿಂತಿತಾ?" ಬಾಗಿಲಲ್ಲಿ ನಿಂತು ಡ್ರೈವರು ಕೇಳಿದರು.

"ನಿಂತಿತು. ನನ್ನ ಎರಡು ಕೈಯಲ್ಲೇ ನಿಂತಿತು." ಅಕ್ಕ ತಲೆಯೆತ್ತಲಿಲ್ಲ. ಅವಳ ಬಾಯಲ್ಲಿ ಮುಂದಿನ ಮಾತು ಹುಟ್ಟುವುದಕ್ಕೆ ಒಂದು ಯುಗವೇ ಹಿಡಿಯಿತು. "ತಪ್ಪು ನಂದು ಯಜಮಾನ್ರೆ. ಒಳಗಿನ ಫ್ಯಾನಿನ ತಂತಿ ನಾನು ಸರಿಯಾಗಿ ಸಿಗಿಸಿರಲಿಲ್ಲ. ಕಾವು ಏರಿ ಆರಿಹೋಗ್ತಿತ್ತು. ಅಂಗಡೀಲೂ ಆಗ ಇಲ್ಲೂ ಮುಚ್ಚಳ ತೆಗೆದಿಟ್ಟು ಓಡಿಸಿದ್ನಲ್ಲ, ಗಾಳಿಯಾಡಿ ಬಚಾವಾಗ್ತಿತ್ತು."

"ಮೂರು ಸಲ ಬಿಚ್ಚಿದ್ಯಲ್ಲಮ್ಮ."

"ಮೂರು ಸಲವೂ ನೋಡಲಿಲ್ಲ."

"ಹಾಗಾದ್ರೆ ಆ ಬೋರ್ಡು?"

"ಇಳಿಸ್ತೀನಿ ಬಿಡಿ."

ಡ್ರೈವರು ನಕ್ಕರು. ನಲವತ್ತು ದಿನದ ನಗುವೆಲ್ಲ ಒಟ್ಟಿಗೆ ಬಂದಂತೆ, ಮೂಗು ಸೊರಸೊರ ಎನ್ನುವವರೆಗೂ ನಕ್ಕರು. ಅವರ ಹೆಂಡತಿ ಕಂಬಳಿ ಎತ್ತಿಕೊಂಡು ಒಳಕೋಣೆಗೆ ಹೋಗಿ, ಮುಖ ತೊಳೆದು ಬಂದರು. ಪೆಟ್ಟಿಗೆ ಮೇಜಿನ ಮೇಲೆ ಕಿಟಕಿಯ ಪಕ್ಕ ಕೂತಿತು. ಸದ್ದು ಮಾಡದ ಒಂದು ಫ್ಯಾನು ಹಾಕಿಕೊಡುತ್ತೇನೆ, ಅಲ್ಲಿಯವರೆಗೆ ಸಹಿಸಿಕೊಳ್ಳಿ ಎಂದಳು ಅಕ್ಕ. ನನ್ನ ಬಸ್ಸಿನ ಎಂಜಿನ್ನು ಇದರಜ್ಜನ ಹಾಗೆ ಕಿರುಚುತ್ತಿತ್ತು ಎಂದರು ಡ್ರೈವರು.

ಬಲಗೈ ಜೇಬಿನಿಂದ ಹೊರಗೆ ಬಂತು. ಸ್ಟೇರಿಂಗಿನ ಮೇಲೆ ಕೂತು ನಡುಗಿತು, ನಡುಗುತ್ತಲೇ ಹಿಡಿಯಿತು. ಹೆಂಗಸರಿಬ್ಬರೂ ಹಿಂದೆ ಮಂಚದ ಅಂಚಿನಲ್ಲಿ ಅಕ್ಕಪಕ್ಕ ಕೂತರು. ಐದನೆಯ ತಿರುವು, ಎಂಟನೆಯದು. ಹನ್ನೊಂದನೆಯದರಲ್ಲಿ ಮಣಿಕಟ್ಟು ಅದುರಿ ಬಸ್ಸಿನ ಪಕ್ಕೆ ರಸ್ತೆಯಂಚಿನ ಕಲ್ಲಿಗೆ ಕರ್ರೆಂದು ಉಜ್ಜಿತು. ಮೂರು ಜನವೂ ಉಸಿರು ಹಿಡಿದರು. ಪರದೆ ಬೆಳಕಾಗಿಯೇ ಇತ್ತು.

"ಇದು ನಂದೇ ತಪ್ಪು," ಎಂದರು ಡ್ರೈವರು, ಸ್ವಲ್ಪ ಹಿಗ್ಗಿನಿಂದಲೇ, ಮತ್ತು ಗೇರು ಬದಲಿಸಿದರು.

ಬೆಟ್ಟದ ತುದಿಯ ನಿಲ್ದಾಣದಲ್ಲಿ ಬಸ್ಸು ನಿಂತು, ಬಾಗಿಲು ಉಸ್ಸೆಂದು ತೆರೆಯಿತು. ಡ್ರೈವರು ಮೂವತ್ತೆಂಟು ವರ್ಷದ ರೂಢಿಯಂತೆ, ಎಲ್ಲರೂ ಇಳಿದರೇ ಎಂದು ಭುಜದ ಮೇಲಿಂದ ಹಿಂದಕ್ಕೆ ತಿರುಗಿ ನೋಡಿದರು. ಮಂಚದ ಮೇಲಿದ್ದ ಇಬ್ಬರೂ ಎದ್ದು ನಿಂತರು.