ಸಿಳ್ಳೆಯಣ್ಣನಿಗೆ ಹಲ್ಲು ಕಟ್ಟಿದ್ದು

ಮೊದಲೇ ಹೇಳಿಬಿಡುತ್ತೇನೆ: ಸಿಳ್ಳೆಯಣ್ಣನ ಮೊದಲ ಮೂರು ಕ್ಯಾಸೆಟ್ಟುಗಳ ಮೇಲೆ ಪ್ರಾಣ ಇಟ್ಟುಕೊಂಡವನು ನಾನು. ನಾಲ್ಕನೆಯದರಿಂದ ಹದಿನಾರನೆಯದರವರೆಗಿನದನ್ನೆಲ್ಲ ರಾಶಿ ಹಾಕಿ ಬೆಂಕಿ ಹಚ್ಚಿದರೂ ನನಗೆ ಬೇಜಾರಿಲ್ಲ. ಹಾಗಂತ ಒಂದನ್ನೂ ಕೊಳ್ಳದೆ ಬಿಟ್ಟಿಲ್ಲ. ಎಲ್ಲವನ್ನೂ ಬಂದ ದಿನವೇ ತಂದು, ಕೊನೆಯವರೆಗೆ ಕೇಳಿ, ಮೈ ಉರಿಸಿಕೊಂಡಿದ್ದೇನೆ.

'ಅಷ್ಟು ಸಿಟ್ಟು ಬರೋದಾದ್ರೆ ಯಾಕ್ರೀ ತರ್ತೀರಾ?' ಎನ್ನುತ್ತಾಳೆ ಹೆಂಡತಿ.

ಬೈಯುವುದಕ್ಕಾದರೂ ಕೇಳಬೇಕಲ್ಲ!

ಆಗ ಅವನಿಗೆ ಇಪ್ಪತ್ತಾರು, ನನಗೆ ಹತ್ತೊಂಬತ್ತು. ಹೆಗಲಿಗೆ ಗಿಟಾರು, ಕೊರಳಿಗೆ ಮೌತ್ ಆರ್ಗನ್ನು, ಹೊಲದಲ್ಲಿ ಕಳೆ ಕೀಳುವ ಹೆಂಗಸರ ಹಾಡಿನ ಧಾಟಿ, ಹಿಂದಿನಿಂದ ಡ್ರಮ್ಮಿನ ಏಟು. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಬೆಂಕಿಕಡ್ಡಿ ತೂರುವಷ್ಟು ಸಂದಿ. 'ಸ' ಬಂದಾಗಲೆಲ್ಲ ಅಲ್ಲಿಂದ ಒಂದು ಸಿಳ್ಳೆ ಹೊರಡುತ್ತಿತ್ತು, ಆ ಹೆಸರು ಬಂದದ್ದೂ ಅದರಿಂದಲೇ. 'ಸಾಕು ಸಾಕು ಸಾಹೇಬ, ಸಾಕಾಯ್ತು ನಿನ್ನ ಸೈರನ್ನು' ಎಂದು ಅವನು ಕೂಗಿದರೆ ನನ್ನ ಮೈಮೇಲಿನ ರೋಮವೆಲ್ಲ ಎದ್ದು ನಿಲ್ಲುತ್ತಿತ್ತು. ನಾನಾಗ ಗಾಜಿನ ಕಾರ್ಖಾನೆಯೊಂದರಲ್ಲಿ ಮೇಸ್ತ್ರಿಯ ಬೈಗುಳ ತಿಂದುಕೊಂಡು, ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದ ಪ್ರಾಣಿ. ಆ ಹಾಡು ಕೇಳಿದ ಮರುದಿನ ಮೇಸ್ತ್ರಿಯ ಮುಖಕ್ಕೆ ಮುಖ ಕೊಟ್ಟು ಉತ್ತರ ಹೇಳಿ ಕೆಲಸ ಬಿಟ್ಟೆ. ನನಗೆ ಸಿಟ್ಟು ಮಾಡಿಕೊಳ್ಳಲು ಕಲಿಸಿದವನು ಅವನು.

ನಾಲ್ಕನೆಯದಕ್ಕೆ ಮೊದಲು ಪುಣ್ಯಾತ್ಮ ಆ ಸಂದಿ ಮುಚ್ಚಿಸಿಕೊಂಡ. ಅಲ್ಲಿಗೆ ಮುಗಿಯಿತು. ಸಿಳ್ಳೆಯೂ ಹೋಯಿತು, ಸಿಟ್ಟೂ ಹೋಯಿತು. ಡ್ರಮ್ಮಿನ ಜಾಗಕ್ಕೆ ಪಿಟೀಲುಗಳು ಬಂದು ಕೂತವು. ತೋಟದ ಬೆಂಚಿನ ಮೇಲೆ ಬಿಸಿಲು ಕೂತಿದೆಯಂತೆ, ಇವನೂ ಪಕ್ಕದಲ್ಲಿ ಕೂತಿದ್ದಾನಂತೆ. ಮಂಡಿನೋವಿನ ಮೇಲೊಂದು ಹಾಡು. ಮೊಮ್ಮಗಳ ಕಾಲುಚೀಲದ ಮೇಲೆ ಏಳು ನಿಮಿಷದ ಹಾಡು. ಏಳು ನಿಮಿಷ! ಜನ ಅದಕ್ಕೆ 'ಪಕ್ವತೆ' ಎಂದರು. ಹಣ್ಣು ಕೊಳೆತರೂ ಮೆತ್ತಗಾಗುತ್ತದೆ ಸ್ವಾಮಿ, ಅದನ್ನು ಯಾರೂ ಪಕ್ವ ಎನ್ನುವುದಿಲ್ಲ.

ನನ್ನ ಕಸುಬು ಹಲ್ಲು ಕಟ್ಟುವುದು. ಡಾಕ್ಟರಮ್ಮನ ದಂತ ಚಿಕಿತ್ಸಾಲಯದ ಹಿಂದಿನ ಕೋಣೆಯಲ್ಲಿ, ಪ್ಲಾಸ್ಟರಿನ ಧೂಳಿನ ನಡುವೆ, ಸ್ಪಿರಿಟ್ ದೀಪದಲ್ಲಿ ಮೇಣ ಕರಗಿಸಿಕೊಂಡು ಇಪ್ಪತ್ತೆಂಟು ವರ್ಷ ಕಳೆದಿದ್ದೇನೆ. ಹೋದ ವರ್ಷ ಒಂದು ಮಂಗಳವಾರ ಡಾಕ್ಟರಮ್ಮ ಬಾಯಿಯ ಅಚ್ಚೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟರು.

'ಮೇಲಿನ ಸೆಟ್ಟು ಪೂರ್ತಿ ಆಗ್ಬೇಕು. ಮುಂದಿನ ತಿಂಗಳು ಅವರಿಗೆ ರೆಕಾರ್ಡಿಂಗ್ ಇದೆ. ಸಂದಿ ಗಿಂದಿ ಬೇಡ ಅಂದಿದಾರೆ, ನೀಟಾಗಿ ಒಂದೇ ಸಾಲು.'

ಚೀಟಿಯ ಮೇಲಿನ ಹೆಸರು ನೋಡಿದೆ. ಸಿಳ್ಳೆಯಣ್ಣನ ನಿಜವಾದ ಹೆಸರು. ಅಚ್ಚಿನೊಳಗೆ ಬೆರಳಾಡಿಸಿದೆ. ಒಂದು ಹಲ್ಲಿನ ಗುರುತೂ ಇಲ್ಲ, ಬರೀ ಒಸಡು. ಹಲ್ಲಿದ್ದಾಗ ಇವನು ಕಚ್ಚಲಿಲ್ಲ, ಈಗ ಹಲ್ಲು ಬೇಕಂತೆ ಎಂದುಕೊಂಡೆ. ಮರುಕ್ಷಣವೇ ಇನ್ನೊಂದು ಯೋಚನೆ ಬಂತು. ಅವನ ಬಾಯಿ ಈಗ ನನ್ನ ಕೈಯಲ್ಲಿದೆ.

ಆ ಸಂಜೆ, ಅವನು ಬಾಯ್ತೆರೆದು ಹಾಡುವ ಫೋಟೋ ಇದ್ದ ಮೊದಲ ಕ್ಯಾಸೆಟ್ಟಿನ ಹೊದಿಕೆ ತೆಗೆದು ಊಟದ ಮೇಜಿನ ಮೇಲಿಟ್ಟು, ಭೂತಗನ್ನಡಿ ಹಿಡಿದು, ಹಲ್ಲಿನ ಅಗಲಕ್ಕೆ ಸಂದಿ ಎಷ್ಟು ಎಂದು ಅಳೆದೆ.

'ಡಾಕ್ಟರಮ್ಮ ಮನೆಗೆ ಕಳಿಸ್ತಾರೆ, ನೋಡ್ತಿರಿ,' ಎಂದಳು ಹೆಂಡತಿ.

'ಕಳಿಸ್ಲಿ ಬಿಡು. ಸಾಯೋದ್ರೊಳಗೆ ಆ ದನಿ ಇನ್ನೊಂದ್ಸಲ ಕೇಳ್ಬೇಕು ನಾನು.'

'ಅವರ ಬಾಯಿ, ಅವರ ಹಲ್ಲು. ನಿಮಗ್ಯಾಕ್ರೀ ಊರ ಉಸಾಬರಿ?'

ನನಗಲ್ಲದೆ ಇನ್ಯಾರಿಗೆ? ಕೂದಲೆಳೆಯಷ್ಟೂ ತಪ್ಪದಂತೆ ಮೇಣದಲ್ಲಿ ಹಲ್ಲು ಜೋಡಿಸಿ, ನಡುವೆ ಆ ಹಳೆಯ ಸಂದಿ ಬಿಟ್ಟೆ.

ಮೇಣದ ಸೆಟ್ಟನ್ನು ಹಾಕಿ ನೋಡುವ ದಿನ ನನ್ನನ್ನೂ ಮುಂದಿನ ಕೋಣೆಗೆ ಕರೆದರು. ಕುರ್ಚಿಯಲ್ಲಿ ಒಬ್ಬ ಸಣಕಲು ಮುದುಕ, ತುಟಿಗಳು ಒಳಗೆ ಹೋಗಿದ್ದವು. ಸೆಟ್ಟು ಹಾಕಿಸಿಕೊಂಡು ಕೈಗನ್ನಡಿ ಹಿಡಿದ. ಡಾಕ್ಟರಮ್ಮನ ಮುಖ ಕೆಂಪಾಯಿತು.

'ಏನ್ರೀ ಇದು? ನಾನು ಬರೆದು ಕೊಟ್ಟಿದ್ದೇನು, ನೀವು ಮಾಡಿರೋದೇನು?'

ಅವನು ಕೈಯೆತ್ತಿ ಅವರನ್ನು ತಡೆದ. ಕನ್ನಡಿ ನೋಡುತ್ತಲೇ ಮೆಲ್ಲಗೆ, 'ಸಾಕು ಸಾಕು ಸಾಹೇಬ...' ಎಂದು ಎಳೆದ.

ಸಿಳ್ಳೆ ಬಂತು. ಅದೇ ಸಿಳ್ಳೆ! ನನ್ನ ಕಣ್ಣು ತುಂಬಿದ್ದನ್ನು ಮುಚ್ಚಿಡಲು ಮುಖ ತಿರುಗಿಸಿದೆ.

'ಯಾರು ಮಾಡಿದ್ದು ಇದು?'

'ನಾನೇ. ಬೇಕಂತಾನೇ ಮಾಡ್ದೆ.'

'ಯಾಕಪ್ಪ?'

ಮನಸ್ಸಿನೊಳಗೆ ನಲವತ್ತು ವರ್ಷದಿಂದ 'ಅವನು, ಇವನು' ಎಂದು ಬೈದವನಿಗೆ ಎದುರಿಗೆ ಏಕವಚನ ಹೊರಡಲಿಲ್ಲ, ಹಾಳು ಮರ್ಯಾದೆ. ಉಳಿದದ್ದೆಲ್ಲ ಹೊರಟಿತು. 'ಯಾಕೆ ಅಂತ ಕೇಳ್ತೀರಾ? ಮೂರು ಕ್ಯಾಸೆಟ್ ಆದ್ಮೇಲೆ ನೀವು ಹಾಡೇ ಇಲ್ಲ ಸಾರ್, ತೂಕಡಿಸಿದೀರಾ! ಬೆಂಚಂತೆ, ಬಿಸಿಲಂತೆ, ಕಾಲುಚೀಲ! ನಿಮ್ಮ ಮಾತು ಕೇಳಿ ನಾವೆಲ್ಲ ಕೆಲಸ ಬಿಟ್ವಿ, ಏಟು ತಿಂದ್ವಿ. ನೀವು ಹೋಗಿ ತೋಟದಲ್ಲಿ ಕೂತ್ರಿ. ನಾಚಿಕೆ ಆಗಲ್ವಾ?'

'ರೀ, ಬಾಯ್ಮುಚ್ಚಿ!' ಎಂದರು ಡಾಕ್ಟರಮ್ಮ.

'ಹೇಳ್ಲಿ ಬಿಡಿ. ಆಮೇಲೆ?' ಎಂದ ಅವನು.

ಆಮೇಲೆ ಎಂದು ಕೇಳಿದ್ದಕ್ಕೆ ಇನ್ನೂ ಹೇಳಿದೆ. ಪಿಟೀಲಿಗೆ ಬೈದೆ, ಪಕ್ವತೆಗೆ ಬೈದೆ, ಹದಿನಾರನೆಯದಕ್ಕಂತೂ ಒಂದೊಂದು ಹಾಡಿಗೂ ಬೇರೆಬೇರೆಯಾಗಿ ಬೈದೆ. ಅವನು ನಾಲಿಗೆಯಿಂದ ಸೆಟ್ಟನ್ನು ತಡವಿಕೊಳ್ಳುತ್ತ ಕೇಳಿದ. ಕೊನೆಗೆ ನನಗೇ ಉಸಿರು ಕಟ್ಟಿತು.

'ಸಂದಿ ಇರ್ಲಿ ಡಾಕ್ಟ್ರೇ,' ಎಂದ. 'ಎಲ್ಲೂ ಒತ್ತುತ್ತಿಲ್ಲ. ಇವರ ಕೈ ತುಂಬಾ ಚೆನ್ನಾಗಿದೆ.'

ಗೆದ್ದೆ ಎಂದುಕೊಂಡೆ. ಆ ರಾತ್ರಿ ಹೆಂಡತಿಗೆ, 'ನೋಡ್ತಿರು, ಹದಿನೇಳನೆಯದು ಬರ್ಲಿ, ಊರು ನಡುಗತ್ತೆ,' ಎಂದೆ. ನಾಲ್ಕು ತಿಂಗಳು ದಿನ ಎಣಿಸಿದೆ.

ಹದಿನೇಳನೆಯದು ಬಂತು. ಮುಖಪುಟದಲ್ಲಿ ಸಂದಿ ತೋರಿಸಿಕೊಂಡು ನಗುತ್ತಿದ್ದ. ಡಿಸ್ಕು ಹಾಕಿದೆ. ಪಿಟೀಲು ಶುರುವಾಯಿತು. ಅದೇ ಬೆಂಚು, ಅದೇ ಬಿಸಿಲು, ಈಗ ಪಕ್ಕದಲ್ಲೊಂದು ಬೆಕ್ಕು ಬೇರೆ. ಎಲ್ಲ ನನ್ನ ಸಂದಿಯಿಂದ ಸಿಳ್ಳೆ ಹಾಕಿಕೊಂಡು ಬರುತ್ತಿತ್ತು! ಹುಲಿಯ ಹಲ್ಲು ಮಾಡಿ ಹಸುವಿಗೆ ಕಟ್ಟಿದಂತಾಯಿತು ನನ್ನ ಪಾಡು. ಆರಿಸಲು ಎದ್ದೆ. ಅಷ್ಟರಲ್ಲಿ ಆರನೆಯ ಹಾಡು ಶುರುವಾಯಿತು.

'ಬಾಯಿ ಬಿರುಸು, ಕೈ ಮೆತ್ತಗೆ,
ಬೈತಾ ಬೈತಾ ನಗು ಕಟ್ಟಿಕೊಟ್ಟೆ...'

ಹಾಡು ನನ್ನ ಮೇಲೆಯೇ ಇತ್ತು. ಹಲ್ಲು ಕಟ್ಟುವ ಒಬ್ಬ ಮುದುಕ ಗೊಣಗುತ್ತಾನೆ, ರೇಗುತ್ತಾನೆ, ಒಳಗೆ ಮಾತ್ರ ಬೆಣ್ಣೆ. ನಾನು ಆಡಿದ ಒಂದೊಂದು ಮಾತನ್ನೂ ಮುಳ್ಳು ತೆಗೆದು, ತೊಳೆದು, ಪಿಟೀಲಿನ ಮೇಲಿಟ್ಟಿದ್ದ. ಕೊನೆಯ ಸಾಲಿನಲ್ಲಿ ನನ್ನನ್ನು ಕ್ಷಮಿಸಿಯೂ ಇದ್ದ. ಯಾರು ಕೇಳಿದ್ದರು ಅವನ ಕ್ಷಮೆ?

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. 'ಒಂದೇ ಸಲ ನೋಡಿ ನಿಮ್ಮನ್ನ ಎಷ್ಟು ಸರಿಯಾಗಿ ಅರ್ಥ ಮಾಡ್ಕೊಂಡಿದಾರೆ ನೋಡ್ರೀ.'

'ಸುಳ್ಳು! ಅವನ ತಲೆ! ನಾನು ಬೈದಿದ್ದು ನಿಜವಾಗ್ಲೂ ಬೈದಿದ್ದು ಕಣೇ!'

'ಆಯ್ತು, ಆಯ್ತು,' ಎಂದು ನನ್ನ ಬೆನ್ನು ಸವರಿದಳು.

ಹಾಡು ಕೆಟ್ಟದಾಗಿದ್ದರೆ ಹೇಗೋ ಬದುಕಿಕೊಳ್ಳುತ್ತಿದ್ದೆ. ಚೆನ್ನಾಗಿತ್ತು. ಅದೇ ಆದದ್ದು ಅನಾಹುತ. ಹದಿನೈದು ದಿನದಲ್ಲಿ ಬಸ್ಸಿನಲ್ಲಿ, ಅಂಗಡಿಯಲ್ಲಿ, ನಮ್ಮದೇ ಚಿಕಿತ್ಸಾಲಯದ ಬೆಂಚಿನ ಮೇಲೆ ಕೂತ ರೋಗಿಗಳ ಫೋನಿನಲ್ಲಿ ಅದೇ ಹಾಡು. ಯಾರ ಮೇಲೆ ಬರೆದದ್ದು ಎಂದು ಬಂದವರಿಗೆಲ್ಲ ಡಾಕ್ಟರಮ್ಮನೇ ಹೇಳುತ್ತಿದ್ದರು.

ಮೊನ್ನೆ ಹಲ್ಲು ಸರಬರಾಜು ಮಾಡುವವನು ಮೂರನೆಯ ಸಲ ಬಣ್ಣ ತಪ್ಪಿ ತಂದ. ಬಿಳಿ ಕೇಳಿದರೆ ಹಳದಿ. ಮೊದಲೆಲ್ಲ ನನ್ನ ದನಿ ಏರಿದರೆ ಅವನು ಪೆಟ್ಟಿಗೆ ಎದೆಗವಚಿಕೊಂಡು ಬಾಗಿಲ ಕಡೆ ಸರಿಯುತ್ತಿದ್ದ. 'ಕಣ್ಣು ಕಾಣಲ್ವೇನೋ ನಿಂಗೆ? ಆ ಅಜ್ಜಿ ಎರಡು ವಾರದಿಂದ ಗಂಜಿ ಕುಡ್ಕೊಂಡಿದಾಳೆ, ನಿನ್ನ ಮನೆ ಕಾಯ್ವಾಗ!' ಎಂದು ಕಿರುಚಿದೆ.

ಅವನು ಕದಲಲಿಲ್ಲ. ಬಾಯಿ ತುಂಬ ನಕ್ಕ. 'ಬೈಯಿರಿ ಅಣ್ಣ, ಬೈಯಿರಿ. ನಿಮ್ಮ ಮನಸ್ಸು ಗೊತ್ತಿಲ್ವಾ ನಮ್ಗೆ?'

ಕೈಯಲ್ಲಿದ್ದ ಪ್ಲಾಸ್ಟರ್ ಅಚ್ಚನ್ನು ನೆಲಕ್ಕೆ ಬಡಿದೆ. ಚೂರು ಗೋಡೆಯವರೆಗೆ ಹಾರಿತು. ಸದ್ದು ಕೇಳಿ ಡಾಕ್ಟರಮ್ಮ ಬಂದರು, ನೋಡಿದರು, ಅವರಿಗೂ ನಗು ತಡೆಯಲಾಗಲಿಲ್ಲ.

'ಥೇಟ್ ಹಾಡಲ್ಲಿದ್ದ ಹಾಗೇ! ಕೂತ್ಕೊಳ್ಳಿ, ನಾನೇ ಗುಡಿಸ್ತೀನಿ,' ಎಂದು ಪೊರಕೆ ತೆಗೆದುಕೊಂಡರು.

ಇಬ್ಬರೂ ಸೇರಿ ಚೂರು ಗುಡಿಸುತ್ತ ಮೆಲ್ಲಗೆ ಗುನುಗಲು ಶುರುಮಾಡಿದರು. ನಾನು ನಿಲ್ಲಿಸಿ ಎಂದು ಅರಚಿದೆ, ಮೇಜು ಗುದ್ದಿದೆ, ಗಂಟಲು ಕಟ್ಟುವಷ್ಟು ಬೈದೆ. ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು. ಒಬ್ಬರೂ ನಂಬಲಿಲ್ಲ.