ಎದುರುಕೋಣೆಯ ಗುಡ್ಡ

ವೆಂಕಟ್ರಮಣ ಹಾರೆ ಎತ್ತಿ ಗುಡ್ಡದ ನೆತ್ತಿಗೆ ಹೊಡೆದ. ಠಣ್ ಎಂದು ಸದ್ದಾಗಿ ಹಾರೆ ಹಿಂದಕ್ಕೆ ಚಿಮ್ಮಿತು. ಅವನ ಎರಡೂ ಕೈ ಜುಮ್ಮೆಂದವು. ಗುಡ್ಡಕ್ಕೆ ಆದದ್ದಿಷ್ಟೇ: ಹಸಿರು ಬಣ್ಣದ ಒಂದು ಚಕ್ಕೆ ಎದ್ದಿತು, ಮೂರು ಕೋಡಿನ ರಾಕ್ಷಸನೊಬ್ಬ ಉರುಳಿ ಕೆಳಗಿನ ಹೊಳೆಗೆ ಬಿದ್ದ.

"ಅತ್ತಿಗೆ, ಅಣ್ಣ ಗುಡ್ಡ ಮಾಡಿದ್ನ, ಡ್ಯಾಮ್ ಕಟ್ಟಿದ್ನ?"

ಅತ್ತಿಗೆ ಶರಾವತಿ ನಡುಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಹಿಂದೆ ದರ್ಭೆ ಹಾಸಿದ ನೆಲದ ಮೇಲೆ ಅವಳ ಗಂಡ ನಾಗಪತಿ ಹೆಗಡೆ ದಕ್ಷಿಣಕ್ಕೆ ತಲೆ ಮಾಡಿ ಮಲಗಿದ್ದ. ಬೆಳಿಗ್ಗೆ ಚಾ ಕುಡಿದು, ಲೋಟ ಕೆಳಗಿಟ್ಟು, ಎದೆ ಒತ್ತಿಕೊಂಡವನು ಮತ್ತೆ ಏಳಲಿಲ್ಲ. ಹೋಗುವವನು ಹೋದ, ಸರಿ. ಹೋಗುವ ದಾರಿಗೆ ತಾನೇ ಗುಡ್ಡ ಅಡ್ಡ ಕಟ್ಟಿಟ್ಟು ಹೋಗುವುದೆಂದರೆ ಏನು ಹೇಳಬೇಕು!

ಮರಾಠಿಕೊಪ್ಪದ ಆ ಹೆಂಚಿನ ಮನೆಯಲ್ಲಿ ಇದ್ದದ್ದೇ ಮೂರು ಕೋಣೆ. ಎದುರಿನ ಕೋಣೆಯ ಎಡಗೋಡೆಗೆ ತಾಗಿ, ನಡುಕೋಣೆಯ ಬಾಗಿಲಿಂದ ಹಿಡಿದು ಹೆಬ್ಬಾಗಿಲ ತನಕ, ನಾಗಪತಿಯ ರಾಜ್ಯ ಹಬ್ಬಿತ್ತು. ಗುಡ್ಡ, ಕಣಿವೆ, ಗೋಂದು ಸುರಿದು ಮಾಡಿದ ಹೊಳೆ, ಒಣಗಿದ ಹಾವಸೆಯ ಕಾಡು. ಅದರ ತುಂಬ ಹೆಬ್ಬೆರಳುದ್ದದ ರಾಕ್ಷಸರು, ಒಕ್ಕಣ್ಣಿನ ಸಿಪಾಯಿಗಳು, ಕುದುರೆ ಮುಖದ ವಾದ್ಯದವರು, ಹಂದಿಯ ಮೇಲೆ ಕುಳಿತ ರಾಣಿಯರು. ಮನುಷ್ಯರಿಗೆ ಉಳಿದದ್ದು ಬಲಗೋಡೆಯ ಪಕ್ಕದ ಒಂದು ಸಂದಿ. ಅದರಲ್ಲಿ ಅಡ್ಡಡ್ಡ ಸರಿದು ಬರಬೇಕು. ಆವತ್ತು ಹೆಣ ನೋಡಲು ಬಂದವರಲ್ಲಿ ಹೊಟ್ಟೆಯಿದ್ದವರು ಉಸಿರು ಬಿಗಿಹಿಡಿದು ಬಂದರು, ಅಂಗಿಗೆ ಸುಣ್ಣ ಬಳಿದುಕೊಂಡು ಹೋದರು. ಬಸ್‌ಸ್ಟ್ಯಾಂಡಿನ ಕಂಡಕ್ಟರನೊಬ್ಬ ದುಃಖದ ಮುಖ ಹೊತ್ತು ಒಳಗೆ ಬಂದವನು ರಾಕ್ಷಸರನ್ನು ನೋಡುತ್ತ ನಿಂತುಬಿಟ್ಟ. ಹಿಂದಿದ್ದವರು ಅವನನ್ನು ತಳ್ಳಬೇಕಾಯಿತು. ಅಂಗಳದಲ್ಲಿ ಯಾರೋ ಕಿಸಕ್ಕೆಂದು ನಕ್ಕದ್ದೂ ಶರಾವತಿಗೆ ಕೇಳಿಸಿತು.

ಅವಳಿಗೆ ಅಳು ಬರುವ ಮೊದಲು ಸಿಟ್ಟು ಬಂದಿತ್ತು. ಸಾವಿನ ಮನೆಯೆಂದರೆ ಸಾವಿನ ಮನೆಯ ಹಾಗಿರಬೇಕು. ಗಂಡಸರು ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕು, ಹೆಣವನ್ನು ನೆಟ್ಟಗೆ ಎದುರು ಬಾಗಿಲಿನಿಂದ ಒಯ್ಯಬೇಕು, ಹೆಂಗಸರು ಹೊಸಿಲಲ್ಲಿ ನಿಂತು ಕಣ್ಣು ತುಂಬ ನೋಡಬೇಕು. ಮಸಣಕ್ಕೆ ಅವಳು ಹೋಗುವಂತಿಲ್ಲ. ಅವಳ ಪಾಲಿಗೆ ಇದ್ದದ್ದು ಆ ಹೊಸಿಲು, ಅಲ್ಲಿಂದ ಓಣಿಯ ತಿರುವಿನ ತನಕ ಕಾಣುವಷ್ಟು ದಾರಿ. ಅಷ್ಟು ಸಿಕ್ಕರೆ ಸಾಕಾಗಿತ್ತು.

ಪುರೋಹಿತರಿಗೆ ಹೊತ್ತು ಮೀರುವ ಚಿಂತೆ. ಹಿಂಬದಿಯಿಂದ ಒಯ್ದರಾಗದೇ ಎಂದು ಕೇಳಿದರು. ಹಿಂಬದಿಯೆಂದರೆ ಬಚ್ಚಲು ದಾಟಿ ಚರಂಡಿಯ ಸಂದಿ. ಇನ್ನೊಬ್ಬರು, ಸಂದಿಯಲ್ಲಿ ನೆಟ್ಟಗೆ ನಿಲ್ಲಿಸಿ ಹಿಡಿದುಕೊಂಡು ದಾಟಿಸಿದರೆ ಹೇಗೆ ಎಂದರು. ಶರಾವತಿ ಅವರನ್ನು ನೋಡಿದ ನೋಟಕ್ಕೆ ಅವರು ಅಂಗಳಕ್ಕೇ ಹೋಗಿಬಿಟ್ಟರು.

"ಬಚ್ಚಲು ಬಾಗ್ಲಲ್ಲಿ ಒಯ್ಯಲಾಗ," ಎಂದಳು ಅವಳು. "ಎದುರು ಬಾಗ್ಲಲ್ಲೇ ಹೋಗವು. ಆನು ನಿಂತು ನೋಡವು. ಒಡೆ ವೆಂಕಟ್ರಮಣ, ಒಂದೂ ಉಳಿಸಡ."

ವೆಂಕಟ್ರಮಣ ಮತ್ತೆ ಹಾರೆ ಎತ್ತಿದ.

* * *

ನಾಗಪತಿ ಸಿರಸಿ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿದ್ದ. ಮೈಕಿನಲ್ಲಿ ಸಿದ್ದಾಪುರ, ಯಲ್ಲಾಪುರ, ಮಂಚಿಕೇರಿ, ಉಮ್ಮಚಗಿ ಎಂದು ದಿನವಿಡೀ ಕೂಗಿ, ಮನೆಗೆ ಬಂದರೆ ಬಾಯಿಗೆ ಬೀಗ. ಉಪ್ಪು ಕಡಿಮೆಯಾದರೂ ಹೇಳುವವನಲ್ಲ, ಹೆಚ್ಚಾದರೂ ಹೇಳುವವನಲ್ಲ. ಬೆಳಿಗ್ಗೆ ಡ್ಯೂಟಿಗೆ ಹೊರಟಾಗ ಶರಾವತಿ ಹೊಸಿಲಲ್ಲಿ ನಿಲ್ಲುವಳು; ಅವನು ಓಣಿಯ ತಿರುವಿನಲ್ಲಿ ಒಮ್ಮೆಯೂ ಹಿಂತಿರುಗಿ ನೋಡುವವನಲ್ಲ. ನೋಡದಿದ್ದರೆ ಬಿಡಲಿ ಎಂದು ಬೈದುಕೊಳ್ಳುತ್ತಲೇ ಅವಳು ಮರುದಿನವೂ ನಿಲ್ಲುವಳು.

ತೊಂಬತ್ತೆಂಟರಲ್ಲಿ ಅವನು ನಿವೃತ್ತನಾದ. ಇನ್ನಾದರೂ ನಾಲ್ಕು ಮಾತಾಡಿಯಾನು, ಹೇರೂರಿನ ತವರಿಗೆ ಜೊತೆಗೆ ಬಂದಾನು ಎಂದು ಶರಾವತಿ ಲೆಕ್ಕ ಹಾಕಿದ್ದಳು. ಆಗಲೇ ಒಂದು ದಿನ ಲಾರಿಗಳಿಗೆ ಬಣ್ಣ ಬಳಿಯುವ ದಾವೂದ್ ಬಂದ. ಇಬ್ಬರೂ ಶಾಲೆಯ ಗೆಳೆಯರು. ಹುಡುಗರಾಗಿದ್ದಾಗ ಕುಂಬಾರರ ಮಣ್ಣು ತಂದು ಕೋಡಿನ ರಾಕ್ಷಸರನ್ನು ಮಾಡಿ, ಬಣ್ಣ ಬಳಿದು, ಚೌತಿಯಲ್ಲಿ ಗಣಪತಿಯ ಮುಂದೆ ಯುದ್ಧಭೂಮಿ ಕಟ್ಟುತ್ತಿದ್ದರಂತೆ. ಅಪ್ಪ ತೀರಿಕೊಂಡು ನೌಕರಿ ಹಿಡಿದ ಮೇಲೆ ನಾಗಪತಿ ಅದನ್ನು ಮುಟ್ಟಿರಲಿಲ್ಲ. ದಾವೂದ್ ಡಬ್ಬಿಗಳ ತಳದಲ್ಲಿ ಉಳಿದ ಬಣ್ಣ ತಂದಿದ್ದ. ಇಬ್ಬರು ಮುದುಕರು ಅಂಗಳದಲ್ಲಿ ಕುಕ್ಕುರುಗಾಲಲ್ಲಿ ಕುಳಿತು, ಮೋಟರಿನ ತಾಮ್ರದ ತಂತಿಗೆ ಮಣ್ಣು ಸುತ್ತಿ ಒಂದು ರಾಕ್ಷಸನನ್ನು ಮಾಡಿದರು. ಅಲ್ಲಿಗೆ ಸಂಸಾರ ಮುಗಿಯಿತು ಎಂದೇ ಶರಾವತಿ ಹೇಳುವುದು.

ಮೊದಲು ಹೋದದ್ದು ಅವಳ ಹಿಟ್ಟಿನ ಜರಡಿ. ಮರದ ಹುಡಿ ಸೋಸಿ ಹಸಿರು ಬಣ್ಣ ಕಲಸಿ ಹುಲ್ಲು ಮಾಡಬೇಕಿತ್ತಂತೆ. ಆಮೇಲೆ ಹೊಲಿಗೆಯ ಸೂಜಿಗಳು, ಆಮೇಲೆ ಡಬ್ಬಿಯಲ್ಲಿದ್ದ ಮೆಂತೆ. ಕಾಗದ ನೆನೆಸಿ, ಮೆಂತೆ ಅರೆದು ಸೇರಿಸಿ, ಅವನು ಮೊದಲ ಗುಡ್ಡ ಕಟ್ಟಿದ. ಕೊಳೆತ ವಾಸನೆ ಓಣಿಯ ತನಕ ಹೋಯಿತು. ಮಳೆಗಾಲದಲ್ಲಿ ಇಲಿಗಳು ಬಂದು ಗುಡ್ಡವನ್ನು ಒಳಗಿಂದ ತಿಂದವು. ಗುಡ್ಡ ಸಾಲದೆ ಅಕ್ಕಿಚೀಲಕ್ಕೂ ಬಾಯಿ ಹಾಕಿದವು. ಅವನಿಗೆ ಅಕ್ಕಿಯ ಚಿಂತೆಯಿಲ್ಲ. ಕನ್ನಡಕದ ಮೇಲೊಂದು ಭೂತಗನ್ನಡಿ ಕಟ್ಟಿಕೊಂಡು ರಾಕ್ಷಸನ ಮೀಸೆಗೆ ಕೂದಲು ಬರೆಯುತ್ತ ಕುಳಿತಿರುತ್ತಿದ್ದ.

ಒಮ್ಮೆ ಅವನು ಸಿದ್ದಾಪುರಕ್ಕೆ ಮದುವೆಗೆಂದು ಹೋದಾಗ ಶರಾವತಿ ಆ ಗುಡ್ಡವನ್ನು ರಾಕ್ಷಸರ ಸಮೇತ ಬುಟ್ಟಿಗಳಲ್ಲಿ ತುಂಬಿ ಓಣಿಯ ಕಸದ ಗುಂಡಿಗೆ ಎಸೆದು, ಕೋಣೆಯನ್ನು ಸೆಗಣಿ ಹಾಕಿ ಸಾರಿಸಿದಳು. ಹಗುರಾಗಿತ್ತು ಮೈ. ಸಂಜೆ ಅವನು ಬಂದ. ಕೋಣೆಯ ನಡುವೆ ನಿಂತು ಬರಿಯ ನೆಲ ನೋಡಿದ. ಅವಳು ಜಗಳಕ್ಕೆ ಸೊಂಟ ಕಟ್ಟಿ ನಿಂತಿದ್ದಳು. ಜಗಳ ಬಂದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವನು ಕೈಕಾಲು ತೊಳೆದು ಊಟಕ್ಕೆ ಕುಳಿತ, ಅರ್ಧಕ್ಕೆ ಎದ್ದ, ಕಸದ ಗುಂಡಿಯ ತನಕ ಹೋಗಿ ಬಂದ. ಅಲ್ಲಿ ಆಗಲೇ ಯಾರೋ ಬೆಂಕಿ ಹಾಕಿಯಾಗಿತ್ತು.

ಮರುದಿನ ಅವನು ಒಂದು ಚೀಲ ಸಿಮೆಂಟು ಹೊರಿಸಿಕೊಂಡು ಬಂದ.

"ಇನ್ನು ಇಲಿನೂ ತಿಂತಿಲ್ಲೆ, ನಿಂಗೂ ಎಸೆಯಲೆ ಆಗ್ತಿಲ್ಲೆ," ಎಂದ. ಅಷ್ಟೇ. ಆ ವಿಷಯದಲ್ಲಿ ಅವನು ಆಡಿದ ಮಾತು ಅದೊಂದೇ.

* * *

"ಹೆಗಡೇರೆ, ಅದು ಒಡೆಯೋ ಅಂಥದ್ದಲ್ಲ," ಎಂದು ಕಿಟಕಿಯಿಂದ ದಾವೂದ್ ಹೇಳಿದ. ಅವನು ಬೆಳಿಗ್ಗೆಯಿಂದ ಅಂಗಳದಲ್ಲೇ ನಿಂತಿದ್ದ, ಕಣ್ಣು ಕೆಂಪಾಗಿತ್ತು. "ಒಳಗೆ ಕೋಳಿಗೂಡಿನ ತಂತಿ ಜಾಳಿಗೆ ಇದೆ, ಮೇಲೆ ಸಿಮೆಂಟು. ಅಡಿಯ ಮಂಚಕ್ಕೆ ಬೋಲ್ಟ್ ಹಾಕಿದೀವಿ. ಒಡೀತೀನಿ ಅಂದ್ರೆ ಸಂಜೆ ಆಗುತ್ತೆ."

ವೆಂಕಟ್ರಮಣ ಹಾರೆಯನ್ನು ನೆಲಕ್ಕೆ ಬಿಟ್ಟ. ಅಣ್ಣನಿಗೆ ಗಂಡುಮಕ್ಕಳಿಲ್ಲದ್ದರಿಂದ ಕ್ರಿಯೆಗೆ ಕೂರುವವನು ಅವನೇ. ಮಂಚಿಕೇರಿಯಿಂದ ಬರಿಹೊಟ್ಟೆಯಲ್ಲಿ ಬಂದವನಿಗೆ ಹಸಿವು, ದುಃಖ, ಸಿಟ್ಟು ಎಲ್ಲ ಒಟ್ಟಿಗೆ ತಲೆಗೇರಿತ್ತು. ಮನೆಯೊಳಗೆ ಸಿಮೆಂಟಿನ ಗುಡ್ಡ ಕಟ್ಟುವಾಗ ಬುದ್ಧಿ ಹೇಳುವವರು ಒಬ್ಬರೂ ಇರಲಿಲ್ಲವೇ ಎಂದು ಅವನು ಕಿಟಕಿಯ ಕಡೆ ನೋಡಿಕೊಂಡೇ ಕೇಳಿದ. ಬುದ್ಧಿ ಹೇಳಬೇಕಾಗಿದ್ದವನು ಬೋಲ್ಟ್ ಹಿಡಿದುಕೊಂಡಿದ್ದ ಎಂದು ಶರಾವತಿಗೆ ಗೊತ್ತಿತ್ತು.

ಮಂಚವಾದರೂ ಯಾರದು? ಅವಳದು. ಹೇರೂರಿನಲ್ಲಿ ಅವಳ ಅಪ್ಪ ಹಲಸಿನ ಮರ ಕೊಯ್ಸಿ ಮಾಡಿಸಿಕೊಟ್ಟದ್ದು. ಎರಡು ದಿನದ ಮಟ್ಟಿಗೆ ಎಂದು ಅದನ್ನು ಎದುರಿನ ಕೋಣೆಗೆ ಎಳೆದ ನಾಗಪತಿ, ಉದ್ದ ಸಾಲದೆಂದು ಬಾಗಿಲ ಕಡೆಗೆ ಹಲಗೆ ಜೋಡಿಸಿ ಬೆಳೆಸಿದ. ಅಲ್ಲಿಂದ ಮುಂದೆ ಅವಳಿಗೆ ಚಾಪೆಯೇ ಗತಿ. ಸೊಂಟ ನೋವು ಎಂದರೆ ತಲೆಯೆತ್ತದೆ ಹೂಂ ಎನ್ನುತ್ತಿದ್ದ. ಒಮ್ಮೆ ಮಾತ್ರ, ತಡೆಯಲಾರದೆ, ಈ ದಂಡೆಲ್ಲ ಯಾರ ಮೇಲೆ ಯುದ್ಧಕ್ಕೆ ಹೊರಟಿದೆ ಎಂದು ಅವಳು ಕೇಳಿದ್ದಳು. ಅವನು ಕುಂಚವನ್ನು ಕಿವಿಗೆ ಸಿಕ್ಕಿಸಿಕೊಂಡು ತುಂಬ ಹೊತ್ತು ಯೋಚಿಸಿ, ಯುದ್ಧ ಇನ್ನೂ ಶುರುವಾಗಿಲ್ಲ, ಎಲ್ಲರೂ ಕಾಯುತ್ತಿದ್ದಾರೆ ಎಂದಿದ್ದ. ನೋಡಿದರೆ ಹೌದು. ಒಬ್ಬ ರಾಕ್ಷಸ ಕೊಡೆ ಹಿಡಿದು ನಿಂತಿದ್ದ, ಒಬ್ಬ ಗಂಟಿನ ಮೇಲೆ ಕುಳಿತಿದ್ದ, ಒಬ್ಬಳು ರಾಕ್ಷಸಿ ಮಗುವಿಗೆ ಮೂಗು ಒರೆಸುತ್ತಿದ್ದಳು. ಅವಳಿಗೆ ನಗು ಬಂದುಬಿಟ್ಟಿತ್ತು. ನಕ್ಕರೆ ಸೋತಂತೆ ಎಂದು ಅಡುಗೆಮನೆಗೆ ಹೋಗಿ ನಕ್ಕಿದ್ದಳು.

"ಒಡೆಯಲೆ ಆಗ್ತಿಲ್ಲೆ ಅಂದ್ರೆ ಮೇಲಿಂದ ದಾಟಿಸಿ," ಎಂದಳು ಈಗ.

ಎಲ್ಲರೂ ಅವಳ ಮುಖ ನೋಡಿದರು. ಆದರೆ ಬೇರೆ ದಾರಿ ಯಾರಿಗೂ ಹೊಳೆಯಲಿಲ್ಲ. ಇಬ್ಬರು ಸಂದಿಯಲ್ಲಿ ಅಡ್ಡಡ್ಡ ನಡೆಯುವುದು, ಇಬ್ಬರು ಗುಡ್ಡ ಹತ್ತುವುದು, ಹೆಣವನ್ನು ಎದೆಮಟ್ಟಕ್ಕೆ ಎತ್ತಿ ಬಾಗಿಲ ತನಕ ತರುವುದು ಎಂದಾಯಿತು. ಯಲ್ಲಾಪುರದಿಂದ ಬಂದಿದ್ದ ಮಗಳು ನಮಿತಾ ಅಪ್ಪನ ತಲೆಯ ಬದಿಗೆ ನಿಂತಳು. ಶರಾವತಿ ಸಂದಿಯಲ್ಲಿ ಸರಿದು ಎಲ್ಲರಿಗಿಂತ ಮೊದಲು ಹೊಸಿಲಿಗೆ ಹೋಗಿ, ಸೆರಗು ಸರಿಮಾಡಿಕೊಂಡು ನಿಂತಳು. ಅಂಗಳದಲ್ಲಿ ಚಟ್ಟ ಸಿದ್ಧವಾಗಿತ್ತು. ಅಲ್ಲಿಂದ ಓಣಿ, ತಿರುವು ಎಲ್ಲ ಸರಿಯಾಗಿ ಕಾಣುತ್ತಿತ್ತು.

ನಾಗಪತಿಯನ್ನು ಎತ್ತಿದರು. ದಾವೂದ್ ಕಿಟಕಿಯ ಸರಳು ಹಿಡಿದು ದಾರಿ ಹೇಳತೊಡಗಿದ. ಕಪ್ಪು ಗುಡ್ಡದ ಮೇಲೆ ಕಾಲಿಡಿ, ಗಟ್ಟಿ ಇದೆ. ಹೊಳೆಯ ಮೇಲೆ ಬೇಡ, ಜಾರುತ್ತೆ. ಆ ಸೇತುವೆ ದಾಟಿ ಬನ್ನಿ. ಗುಡ್ಡದ ಮೇಲೆ ವೆಂಕಟ್ರಮಣನೂ ಅವನ ಹಿಂದೆ ಕಂಡಕ್ಟರನೂ ಬರಿಗಾಲಲ್ಲಿ ರಾಕ್ಷಸರ ನಡುವೆ ಜಾಗ ಹುಡುಕಿ ಹೆಜ್ಜೆಯಿಡುತ್ತಿದ್ದರು. ಕೋಡು ಚುಚ್ಚಿದಾಗ ವೆಂಕಟ್ರಮಣ ಹಲ್ಲು ಕಚ್ಚಿ ಅಣ್ಣನನ್ನು ಬೈದ. ಬಿಳಿ ಪಂಚೆಯಲ್ಲಿ ಸುತ್ತಿದ ನಾಗಪತಿ ಕಾಡು, ಕಣಿವೆಗಳ ಮೇಲೆ ತೇಲಿದಂತೆ ಬಂದ. ನಗುವವರು ಯಾರೂ ಇರಲಿಲ್ಲ.

ಮಂಚ ಮುಗಿದು ಜೋಡಿಸಿದ ಹಲಗೆ ಶುರುವಾಗುವಲ್ಲಿ ವೆಂಕಟ್ರಮಣ ಕಾಲಿಟ್ಟ. ಆ ಹಲಗೆಗೆ ಕಾಲುಗಳಿರಲಿಲ್ಲ. ಬಾಗಿಲ ಕಡೆಯ ಮೂಲೆಯನ್ನು ಹೊತ್ತದ್ದು ಮರಳು ತುಂಬಿದ ಒಂದು ಸೀಮೆಎಣ್ಣೆ ಡಬ್ಬಿ. ಭಾರ ಬೀಳುತ್ತಲೇ ಡಬ್ಬಿ ಕರ್ರೆಂದು ಜರುಗಿದ್ದು ಹೊಸಿಲಲ್ಲಿದ್ದ ಶರಾವತಿಗೆ ಮಾತ್ರ ಕಂಡಿತು. ಹಲಗೆ ವಾಲಿತು. ಕೂಗಿ ಹೇಳಲು ಹೊತ್ತಿರಲಿಲ್ಲ. ಅವಳು ಬಗ್ಗಿ ಒಳಗೆ ನುಗ್ಗಿ, ಮಂಡಿಯೂರಿ, ಹಲಗೆಯ ಅಡಿಗೆ ಹೆಗಲು ಕೊಟ್ಟಳು.

ಮೇಲೆ ವೆಂಕಟ್ರಮಣನ ಕಾಲು ನಿಂತಿತು. ಅವಳ ಮುಖ ಗೋಡೆಯ ಕಡೆಗಿತ್ತು. ಹೆಗಲ ಮೂಳೆ ಮುರಿಯಿತೇನೋ ಎನ್ನುವಷ್ಟು ಭಾರ. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ. ಪಕ್ಕದ ಸಂದಿಯಲ್ಲಿ ಯಾರದೋ ಬರಿಗಾಲು, ಪಂಚೆಯ ಅಂಚು. ಆಮೇಲೆ ಧೊಪ್ಪನೆ ಇಳಿದ ಸದ್ದು. ತಲೆಯ ಮೇಲೆ ಗಂಡ ದಾಟಿಹೋದದ್ದು ಅವಳಿಗೆ ಗೊತ್ತಾದದ್ದು ಹಾಗೆ.

ಗಂಡಸರೆಲ್ಲ ಅಂಗಳಕ್ಕಿಳಿದರು. ಪುರೋಹಿತರು ಕೂಡಲೇ ಮಂತ್ರ ಶುರುಮಾಡಿದರು, ಹಗ್ಗ ಬಿಗಿಯುವವರ ಗಲಾಟೆಯೂ ಜೊತೆಗೆ. ನಮಿತಾ ಬಾಗಿಲಿಗೆ ಬಂದು ತಾಯಿಯನ್ನು ಹುಡುಕಿ, ಕೊನೆಗೆ ಬಗ್ಗಿ ನೋಡಿದಳು. ಕುಕ್ಕುರು ಕುಳಿತು ಡಬ್ಬಿಯನ್ನು ಒಳಗೆ ನೂಕಿದಳು. ಡಬ್ಬಿ ಅಲುಗಲಿಲ್ಲ.

"ಬಿಟ್ಬಿಡು ಆಯಿ. ಬಿದ್ರೆ ಬೀಳ್ಲಿ. ಎಲ್ಲ ಚಟ್ಟ ಎತ್ತಲೆ ಹೊರಟಿದ್ದ, ಬಾ ಬೇಗ."

ಬಿಡುವುದು ಸುಲಭವಿತ್ತು. ಹೆಗಲು ತೆಗೆದರಾಯಿತು, ಇಷ್ಟು ವರ್ಷ ಬೇಡಿಕೊಂಡದ್ದು ತಾನಾಗಿ ಆಗಿಹೋಗುತ್ತಿತ್ತು, ಹೊಸಿಲೂ ಸಿಗುತ್ತಿತ್ತು. ಶರಾವತಿಗೆ ಈಗ ಅಳು ಬಂತು; ಅಳುತ್ತಲೇ ಸಿಟ್ಟೂ ಬಂತು. ಸತ್ತ ಮೇಲೂ ತನ್ನನ್ನು ಒಂದು ಕಡೆ ಸುಮ್ಮನೆ ನಿಲ್ಲಲು ಬಿಡಲಿಲ್ಲವಲ್ಲ ಈ ಮನುಷ್ಯ.

"ಒಂದ್ಸಲ ಎಸೆದದ್ದು ಸಾಕು," ಎಂದಳು. "ನೀ ಹೋಗು. ನೀನಾದ್ರೂ ನೋಡು."

ನಮಿತಾ ಎದ್ದು ಹೊಸಿಲಿಗೆ ಹೋದಳು. ಅಲ್ಲಿಂದಲೇ, ಎತ್ತಿದರು ಎಂದಳು. ಗೇಟು ದಾಟಿತು ಎಂದಳು. ಓಣಿಯಲ್ಲಿದೆ, ದಾವೂದ್ ಮಾಮ ಹಿಂದೆ ಹೋಗುತ್ತಿದ್ದಾರೆ ಎಂದಳು.

"ತಿರುವಿಗೆ ಬಂತು ಆಯಿ."

ಹಲಗೆಯ ಅಡಿಯ ಕತ್ತಲಲ್ಲಿ ಶರಾವತಿ ಗೋಡೆಯನ್ನೇ ನೋಡುತ್ತ ಇನ್ನೊಂದು ಕೈಯನ್ನೂ ಮೇಲೆತ್ತಿ ಒತ್ತಿಹಿಡಿದಳು. ಬಿರುಕುಗಳಿಂದ ಹಸಿರು ಬಣ್ಣದ ಮರದ ಹುಡಿ ಅವಳ ನರೆತ ತಲೆಯ ಮೇಲೆ ಸಣ್ಣಗೆ ಉದುರುತ್ತಲೇ ಇತ್ತು.